ನೀರೊಳಗಿನ ಸದ್ದಿಗೆ ಗಾಳಿಗೂಡಿನ ರಬ್ಬರ್ ಹಾಳೆ

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1480 ಮೀಟರ್ ಓಡುತ್ತದೆ. ಹಾಗಾಗಿ 4 ಕಿಲೋಹರ್ಟ್ಸ್ ಸದ್ದಿನ ಅಲೆಯುದ್ದ 37 ಸೆಂಟಿಮೀಟರ್. ಅದನ್ನು 6 ಮಿಲಿಮೀಟರ್ ದಪ್ಪದ ಸಿಲಿಕೋನ್ ಹಾಳೆ ತಡೆಯಬಲ್ಲದು ಎಂದರೆ ಯಾರಿಗಾದರೂ ಅನುಮಾನ ಬರಬೇಕು. ಬರಿಯ ಹಾಳೆಯಾದರೆ ಅನುಮಾನ ಸರಿಯೇ: ಸಿಲಿಕೋನ್ ಸದ್ದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನೀರೇ, ಅಲೆ ಸಲೀಸಾಗಿ ದಾಟಿಹೋಗುತ್ತದೆ. ಅದರೊಳಗೆ ಸಣ್ಣ ಗಾಳಿಗೂಡುಗಳಿದ್ದರೆ ಆಟವೇ ಬದಲಾಗುತ್ತದೆ.

ರಬ್ಬರನ್ನು ಬಗ್ಗಿಸುವುದು, ಎಳೆಯುವುದು ಸುಲಭ. ಅದರ ಗಾತ್ರವನ್ನು ಕುಗ್ಗಿಸುವುದು ಹೆಚ್ಚುಕಡಿಮೆ ನೀರನ್ನು ಕುಗ್ಗಿಸುವಷ್ಟೇ ಕಷ್ಟ. ಕುಗ್ಗುವ ಕೆಲಸ ಗಾಳಿಯದು. ಅಲೆಯ ಒತ್ತಡ ಬಿದ್ದಾಗ ಗೂಡು ಕುಗ್ಗಿ ಹಿಗ್ಗುತ್ತದೆ, ಸುತ್ತಲಿನ ರಬ್ಬರ್ ಹಿಂದೆಮುಂದೆ ತೊನೆಯುತ್ತದೆ. ಗೂಡು ತಾನಾಗಿ ಮಿಡಿಯುವ ಆವರ್ತನದ್ದೇ ಸದ್ದು ಸಿಕ್ಕರೆ ಈ ಮಿಡಿತ ಜೋರಾಗುತ್ತದೆ. ಆಗ ಒಂದಷ್ಟು ಸದ್ದು ಹಿಂದಕ್ಕೆ ಪ್ರತಿಫಲಿಸುತ್ತದೆ, ಒಂದಷ್ಟು ರಬ್ಬರಿನೊಳಗೆ ಶಾಖವಾಗುತ್ತದೆ. ಎರಡೂ ಕಡೆ ನೀರಿರುವ ತೆಳು ಹಾಳೆ ಹೀರಿಕೊಳ್ಳುವುದು ಹೆಚ್ಚೆಂದರೆ ಅರ್ಧ. ಹಿಂದೆ ಉಕ್ಕಿನ ಗೋಡೆಯಿದ್ದರೆ ಸದ್ದು ಮರಳಿ ಬರುವಾಗಲೂ ಹಾಳೆಯನ್ನು ಹಾಯಬೇಕಾಗುವುದರಿಂದ ಇನ್ನೂ ಹೆಚ್ಚು ಹೀರಬಹುದು.

ಸಮುದ್ರಮಟ್ಟದಲ್ಲಿ, ನೀರಿನ ಮೇಲ್ಮೈ ಬಳಿ, 2 ಮಿಲಿಮೀಟರ್ ತ್ರಿಜ್ಯದ ಗುಳ್ಳೆಯ ಸ್ವಂತ ಆವರ್ತನ ಸುಮಾರು 1.6 ಕಿಲೋಹರ್ಟ್ಸ್. ಅದೇ ಗುಳ್ಳೆ 0.6 ಮೆಗಾಪಾಸ್ಕಲ್ ಜಾರು ಗುಣಾಂಕದ (ಆಕಾರ ಬದಲಾಗದಂತೆ ರಬ್ಬರ್ ತೋರುವ ಬಿಗಿತದ ಅಳತೆ) ರಬ್ಬರಿನಲ್ಲಿದ್ದರೆ 4.2 ಕಿಲೋಹರ್ಟ್ಸ್. ರಬ್ಬರ್ ಗಟ್ಟಿಯಾದಷ್ಟೂ ಈ ಅಂಕಿ ಏರುತ್ತದೆ. ಮಂದ್ರ ಸದ್ದಿಗೆ ಮೆತ್ತನೆಯದೇ ಬೇಕು. ಎತ್ತರದ ಊರಿನಲ್ಲಿ ಲೆಕ್ಕ ತುಸು ಬೇರೆ: ಚಿಕ್ಕಮಗಳೂರು ಸುಮಾರು 1090 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 89 ಕಿಲೋಪಾಸ್ಕಲ್ ಆಸುಪಾಸು. ಬರಿಯ ಗುಳ್ಳೆಯ ಆವರ್ತನ ಇದರಿಂದ ಶೇಕಡಾ 6ರಷ್ಟು ಇಳಿಯುತ್ತದೆ. ರಬ್ಬರಿನೊಳಗಿನ ಗೂಡಿಗೆ ಅದು ಲೆಕ್ಕಕ್ಕೇ ಇಲ್ಲ, ಅಲ್ಲಿ ಬಿಗಿತದ ಬಹುಪಾಲು ರಬ್ಬರಿನದು.

ಮಾಡಿ ನೋಡುವವರಿಗೆ ಬಕೆಟ್ಟು, ಡ್ರಮ್ಮು ಉಪಯೋಗವಿಲ್ಲ. ಗೋಡೆಗಳ ಪ್ರತಿಧ್ವನಿಯಲ್ಲೇ ಎಲ್ಲ ಕಲಸಿಹೋಗುತ್ತದೆ. ಕಾಫಿ ತೋಟದ 3 ಮೀಟರ್ ಆಳದ ಹೊಂಡ ಸಾಕು. ಸ್ಪ್ರಿಂಕ್ಲರ್ ಪಂಪು ನಿಂತಿರಬೇಕು, ಮಳೆಯೂ ಇರಬಾರದು: ತುಂತುರು ಹನಿ ನೀರಿಗೆ ಬಿದ್ದಾಗ ಹುಟ್ಟುವ ಪುಟ್ಟ ಗುಳ್ಳೆಗಳೇ 15 ಕಿಲೋಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆ.

ಒಂದು ಮೀಟರ್ ಚೌಕದ ಅಚ್ಚಿನಲ್ಲಿ 4 ಮಿಲಿಮೀಟರ್ ದಪ್ಪಕ್ಕೆ ಎರಡು ಭಾಗದ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ) ಸಿಲಿಕೋನ್ ಸುರಿಯಬೇಕು. 4 ಮಿಲಿಮೀಟರ್ ಅಗಲದ, ಸಿಲಿಕೋನಿನ ಮಟ್ಟಕ್ಕಿಂತ ಗಿಡ್ಡ ಕಡ್ಡಿಗಳು 3 ಸೆಂಟಿಮೀಟರ್ ಅಂತರದಲ್ಲಿ ರಂಗೋಲಿ ಚುಕ್ಕಿಯಂತೆ ನಿಂತಿರಲಿ. ಸುಮಾರು 1100 ಗೂಡುಗಳಾಗುತ್ತವೆ. ಮೇಲಿನ ಮುಚ್ಚಳ 2 ಮಿಲಿಮೀಟರ್. ಅಂಟಿಸಲು ಅದೇ ಹಸಿ ಸಿಲಿಕೋನನ್ನು ತೆಳ್ಳಗೆ ಸವರಬೇಕು, ಬೇರೆ ಗೋಂದು ಹಿಡಿಯುವುದಿಲ್ಲ. ದಪ್ಪ ಸವರಿದರೆ ಇಳಿದು ಗೂಡುಗಳೇ ತುಂಬಿಹೋಗುತ್ತವೆ. ಗೂಡಿಲ್ಲದ ಇನ್ನೊಂದು ಹಾಳೆಯನ್ನೂ ಹೋಲಿಕೆಗೆ ಎರಕ ಹೊಯ್ಯದಿದ್ದರೆ ಅಳತೆಗೆ ಅರ್ಥವಿಲ್ಲ.

ಹಾಳೆ, ಧ್ವನಿಮೂಲ, ಹೈಡ್ರೋಫೋನ್ (ನೀರೊಳಗಿನ ಮೈಕ್) ಮೂರನ್ನೂ ಹೊಂಡದ ನಡುವೆ, 1.5 ಮೀಟರ್ ಆಳದಲ್ಲಿ ತೂಗುಬಿಡಬೇಕು. ಧ್ವನಿಮೂಲ ಹಾಳೆಯಿಂದ 90 ಸೆಂಟಿಮೀಟರ್ ಮುಂದೆ, ಹೈಡ್ರೋಫೋನ್ 10 ಸೆಂಟಿಮೀಟರ್ ಹಿಂದೆ. ಸದ್ದು 1 ಮಿಲಿಸೆಕೆಂಡಿಗಿಂತ ಉದ್ದವಿರಬಾರದು, ಏಕೆಂದರೆ ನೀರಿನ ಮೇಲ್ಮೈಗೆ ಬಡಿದು ಬರುವ ಪ್ರತಿಧ್ವನಿ ನೇರ ಸದ್ದಿನ ಹಿಂದೆ ಸುಮಾರು 1.4 ಮಿಲಿಸೆಕೆಂಡಿಗೆ ಬರುತ್ತದೆ. ಅಂಚನ್ನು ಸುತ್ತಿ ಬರುವ ಸದ್ದಿಗಂತೂ 0.4 ಮಿಲಿಸೆಕೆಂಡೂ ಬೇಡ. ಅದನ್ನು ತಪ್ಪಿಸಲಾಗದು, ಹಾಗಾಗಿ ಹಾಳೆಯ ನಿಜವಾದ ಸಾಮರ್ಥ್ಯ ಅಳತೆಯಲ್ಲಿ ಕಂಡದ್ದಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಇದರ ತದ್ವಿರುದ್ಧ ಮೋಸವೂ ಉಂಟು. ಸಿಲಿಕೋನಿಗೆ ನೀರು ಒಗ್ಗದು. ಮುಳುಗಿಸುವಾಗ ಮೈಮೇಲೆ ಗಾಳಿಗುಳ್ಳೆ ಕಚ್ಚಿಕೊಂಡು, ಗೂಡಿಲ್ಲದ ಹಾಳೆಯೂ ಸದ್ದು ತಡೆದಂತೆ ತೋರಿಸುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಎರಡೂ ಹಾಳೆಗಳಿಗೆ ಚೆನ್ನಾಗಿ ಉಜ್ಜಿ, ಆಮೇಲೆ ಓರೆಯಾಗಿ ಇಳಿಸಬೇಕು. ವಾರಗಟ್ಟಲೆ ಮುಳುಗಿಸಿಡುವುದೂ ಬೇಡ: ಸಿಲಿಕೋನಿನ ಮೂಲಕ ಗಾಳಿ ನಿಧಾನವಾಗಿ ಸೋರುತ್ತದೆ.

ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ ಯು-480 ಇಂಥದೇ 4 ಮಿಲಿಮೀಟರ್ ರಬ್ಬರ್ ಹೊದ್ದಿತ್ತು. ಅಂಟು ಬಿಟ್ಟು ಜೋತುಬಿದ್ದ ತುಂಡುಗಳು ತಾವೇ ಸದ್ದು ಮಾಡುವುದು ಆ ಹೊದಿಕೆಯ ದೊಡ್ಡ ತಲೆನೋವು. ಇನ್ನೊಂದು ಆಳದ್ದು. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 200 ಮೀಟರಿನಲ್ಲಿ ಅದು 2 ಮೆಗಾಪಾಸ್ಕಲ್, ನಮ್ಮ ಮೆತ್ತನೆಯ ಗೂಡುಗಳು ಚಪ್ಪಟೆಯಾಗುತ್ತವೆ. ಗಟ್ಟಿ ರಬ್ಬರ್ ಹಾಕಿದರೆ ಗೂಡು ಉಳಿಯುತ್ತದೆ, ಆದರೆ ಮಂದ್ರ ಸದ್ದು ಕೈತಪ್ಪುತ್ತದೆ.