ಹಳೇ ಟ್ರ್ಯಾಕ್ಟರ್‌ಗೆ ಯಾವ ಇಂಧನ? ಎಳೆಯುವ ಪಂದ್ಯದ ಒಂದು ಹಳೇ ತಕರಾರು

ಅಮೆರಿಕದ ಟ್ರ್ಯಾಕ್ಟರ್ ಎಳೆಯುವ ಪಂದ್ಯಗಳಲ್ಲಿ ಹಳೇ ಟ್ರ್ಯಾಕ್ಟರ್‌ಗಳಿಗೆ ಬೇರೆ ವಿಭಾಗ ಇರುತ್ತದೆ. ಅಲ್ಲಿ ಅನೇಕ ಕ್ಲಬ್‌ಗಳ ನಿಯಮ ಒಂದೇ ಸಾಲಿನದು: ಪಂಪ್‌ನಲ್ಲಿ ಸಿಗುವ ಪೆಟ್ರೋಲ್ ಮಾತ್ರ. ಕೇಳಲು ಸರಳ, ಅಲ್ವಾ? ಆದರೆ ಆ ಪಂಪ್‌ನಿಂದ ಬರುವುದು ನೂರು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ತಕರಾರಿನ ಬೇರು ಅಲ್ಲಿದೆ.

ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಕಲ್ಲು ಎಳೆಯುತ್ತವೆ. ಅಮೆರಿಕದ ರೈತರು ಹೀಗೇ ಕುದುರೆಗಳಿಂದ ಭಾರ ಎಳೆಸುತ್ತಿದ್ದರು. 1929ರಲ್ಲಿ ಮಿಸೌರಿ ಮತ್ತು ಒಹಾಯೋ ರಾಜ್ಯಗಳಲ್ಲಿ ಟ್ರ್ಯಾಕ್ಟರ್‌ಗಳು ಆ ಕಣಕ್ಕೆ ಇಳಿದವು. ಮೊದಮೊದಲು ಟ್ರ್ಯಾಕ್ಟರ್ ಮುಂದೆ ಹೋದಂತೆ ಜನರೇ ಒಬ್ಬೊಬ್ಬರಾಗಿ ಹಿಂದೆ ಕಟ್ಟಿದ ಸ್ಲೆಡ್ (ನೆಲದ ಮೇಲೆ ಎಳೆಯುವ ಭಾರದ ಬಂಡಿ) ಹತ್ತಿ ಭಾರ ಹೆಚ್ಚಿಸುತ್ತಿದ್ದರು. ಈಗ ಸ್ಲೆಡ್ ಮೇಲಿನ ಭಾರದ ಪೆಟ್ಟಿಗೆ ತಾನೇ ಮುಂದಕ್ಕೆ ಸರಿದು ನೆಲಕ್ಕೆ ಒತ್ತುತ್ತದೆ. 300 ಅಡಿ ಎಳೆದರೆ ಪೂರ್ತಿ ಎಳೆದ ಲೆಕ್ಕ.

1969ರಲ್ಲಿ ಎಂಟು ರಾಜ್ಯಗಳ ಪ್ರತಿನಿಧಿಗಳು ಸೇರಿ ನ್ಯಾಷನಲ್ ಟ್ರ್ಯಾಕ್ಟರ್ ಪುಲ್ಲರ್ಸ್ ಅಸೋಸಿಯೇಷನ್ ಕಟ್ಟಿದರು. ಎಲ್ಲರಿಗೂ ಒಂದೇ ನಿಯಮ ಬೇಕಿತ್ತು. ಆಮೇಲೆ ಒಂದೇ ಚಾಸಿಗೆ ಹಲವು ಎಂಜಿನ್ ಕೂರಿಸಿದ ಯಂತ್ರಗಳು ಬಂದವು. ಮೆಥನಾಲ್ ಎಂಬ ಆಲ್ಕೋಹಾಲ್ ಇಂಧನ ಬಂತು. ಪೆಟ್ರೋಲ್‌ಗೆ ಹೋಲಿಸಿದರೆ ಮೆಥನಾಲ್‌ನಲ್ಲಿ ಅರ್ಧದಷ್ಟೇ ಶಕ್ತಿ ಇದೆ. ಆದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಮೆಥನಾಲ್ ಸುಡಬಹುದು. ಅದು ಆವಿಯಾಗುವಾಗ ಒಳಗಿನ ಗಾಳಿಯನ್ನು ತಣ್ಣಗೆ ಮಾಡುತ್ತದೆ, ಎಷ್ಟು ಒತ್ತಿದರೂ ಬೇಗ ನಾಕ್ ಆಗುವುದಿಲ್ಲ (ಅಂದರೆ ಸಿಲಿಂಡರ್ ಒಳಗೆ ಇಂಧನ ತಾನಾಗಿಯೇ ಸಿಡಿದು ಎಂಜಿನ್ ಬಡಿಯುವುದಿಲ್ಲ). ಒಟ್ಟಿನಲ್ಲಿ ಬಲ ಹೆಚ್ಚು. ಖರ್ಚೂ ಹೆಚ್ಚು. ಜೊತೆಗೆ ಹಗಲಲ್ಲಿ ಅದರ ಬೆಂಕಿ ಸರಿಯಾಗಿ ಕಾಣುವುದೇ ಇಲ್ಲ.

ಹಳೇ ಟ್ರ್ಯಾಕ್ಟರ್ ವಿಭಾಗಗಳಿಗೆ ಬೆಲೆ ಬಂದದ್ದು ಇದರಿಂದಲೇ. ಅಜ್ಜನ ಕಾಲದ ಟ್ರ್ಯಾಕ್ಟರ್ ಇಟ್ಟುಕೊಂಡವನೂ ಜೇಬು ಖಾಲಿ ಮಾಡಿಕೊಳ್ಳದೆ ಕಣಕ್ಕೆ ಬರಬೇಕು. ಇಂಧನಕ್ಕೆ ಮಿತಿ ಹಾಕುವುದು ಮೂಲತಃ ಖರ್ಚಿಗೆ ಹಾಕುವ ಮಿತಿ. ನನ್ನ ಮಟ್ಟಿಗೆ ಈ ಕ್ರೀಡೆಯ ಅತ್ಯಂತ ಒಳ್ಳೆಯ ನಿಯಮ ಇದೇ.

"ಹಾಗಾದರೆ ಮೂಲ ಇಂಧನವನ್ನೇ ಹಾಕಲಿ" ಅನ್ನುವವರಿದ್ದಾರೆ. ಆದರೆ ಮೂಲ ಇಂಧನ ಯಾವುದು? 1920 ಮತ್ತು 30ರ ದಶಕದ ಬಹಳಷ್ಟು ಟ್ರ್ಯಾಕ್ಟರ್‌ಗಳು ಓಡಿದ್ದು ಸೀಮೆಎಣ್ಣೆ ಇಲ್ಲವೇ ಡಿಸ್ಟಿಲೇಟ್ ಎಂಬ ಅಗ್ಗದ ಎಣ್ಣೆಯಲ್ಲಿ. ಜಾನ್ ಡಿಯರ್‌ನ ಡಿ ಮಾದರಿ ಇದಕ್ಕೆ ಒಳ್ಳೆಯ ಉದಾಹರಣೆ. ಚಿಕ್ಕ ಟ್ಯಾಂಕಿನ ಪೆಟ್ರೋಲ್‌ನಲ್ಲಿ ಶುರು ಮಾಡಬೇಕು, ಎಂಜಿನ್ ಬಿಸಿಯಾದ ಮೇಲೆ ದೊಡ್ಡ ಟ್ಯಾಂಕಿಗೆ ತಿರುಗಿಸಬೇಕು. ನಮ್ಮಲ್ಲಿ ಸೀಮೆಎಣ್ಣೆ ಪಂಪ್‌ಸೆಟ್ ಓಡಿಸಿದವರಿಗೆ ಇದು ಹೊಸದಲ್ಲ. ಆ ಎಣ್ಣೆ ಬೇಗ ನಾಕ್ ಆಗುತ್ತಿತ್ತು. ಅದಕ್ಕೇ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ-ಇಂಧನವನ್ನು ಒತ್ತುವ ಪ್ರಮಾಣ, 4:1ರ ಆಸುಪಾಸಿನಲ್ಲಿತ್ತು. 1935ರಲ್ಲಿ ಬಂದ ಆಲಿವರ್ 70ರ ದಾರಿ ಬೇರೆ. 70 ಆಕ್ಟೇನ್ (ನಾಕ್ ತಡೆಯುವ ಗುಣದ ಅಳತೆ) ಪೆಟ್ರೋಲ್‌ಗೆ ಮಾಡಿದ ಎಂಜಿನ್ ಎಂದೇ ಅದಕ್ಕೆ ಆ ಹೆಸರು. ಅದರಲ್ಲೂ ಸೀಮೆಎಣ್ಣೆಯ ಮಾದರಿ ಇತ್ತು. ಅಂದರೆ ಒಂದೇ ಹೆಸರಿನ ಎರಡು ಟ್ರ್ಯಾಕ್ಟರ್‌ಗಳಿಗೆ ಎರಡು 'ಮೂಲ' ಇಂಧನ.

ಬ್ರಿಟನ್‌ನಲ್ಲಿ ಫರ್ಗ್ಯುಸನ್, ಫೋರ್ಡ್‌ಸನ್ ಟ್ರ್ಯಾಕ್ಟರ್‌ಗಳಿಗೆ ಟಿವಿಒ (ಟ್ರ್ಯಾಕ್ಟರ್ ವೇಪರೈಸಿಂಗ್ ಆಯಿಲ್) ಎಂಬ ಸೀಮೆಎಣ್ಣೆಯಂಥ ಎಣ್ಣೆ ಮಾರುತ್ತಿದ್ದರು. 1974ರಲ್ಲಿ ಅದೂ ನಿಂತಿತು. ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವರು ಈಗ ಸೀಮೆಎಣ್ಣೆಗೆ ಪೆಟ್ರೋಲ್ ಬೆರೆಸಿಕೊಳ್ಳುತ್ತಾರೆ.

ಇನ್ನು ಸೀಸದ ಕಥೆ. ನಾಕ್ ತಡೆಯಲು 1923ರಿಂದ ಅಮೆರಿಕದಲ್ಲಿ ಪೆಟ್ರೋಲ್‌ಗೆ ಸೀಸ ಬೆರೆಸಿ ಮಾರಿದರು. ಆಕ್ಟೇನ್ ಏರಿತು, ಕಂಪ್ರೆಶನ್ ಏರಿತು, ವಾಲ್ವ್ ಸೀಟಿನ (ವಾಲ್ವ್ ಬಂದು ಕೂರುವ ಜಾಗದ) ಸವೆತವೂ ತಗ್ಗಿತು. ಆದರೆ ಸೀಸ ವಿಷ. ಮಕ್ಕಳ ಮಿದುಳಿಗೇ ಪೆಟ್ಟು ಕೊಡುವಂಥದ್ದು. 1980ರ ದಶಕದಲ್ಲಿ ಸರ್ಕಾರ ಅದನ್ನು ಕಡಿತ ಮಾಡಿದಾಗ ರೈತರಿಗೆ ತಮ್ಮ ಹಳೇ ಎಂಜಿನ್‌ಗಳ ಚಿಂತೆ ಹತ್ತಿತು. 1985ರ ಕೃಷಿ ಕಾಯ್ದೆಯಲ್ಲೇ ಈ ಬಗ್ಗೆ ಪರೀಕ್ಷೆ ಮಾಡಿ ಎಂದು ಬರೆಯಲಾಯಿತು. 1996ರಿಂದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ರೇಸ್ ಕಾರು, ವಿಮಾನ, ದೋಣಿ, ಹೊಲದ ಯಂತ್ರಗಳಂಥ ರಸ್ತೆಯಾಚೆಯ ಬಳಕೆಗೆ ಮಾತ್ರ ವಿನಾಯಿತಿ ಉಳಿಯಿತು.

ಅಲ್ಲೇ ಸಂದಿ ಸಿಕ್ಕಿತು. 100 ಆಕ್ಟೇನ್ ದಾಟಿದ ರೇಸ್ ಪೆಟ್ರೋಲ್ ಹಾಕಿ, ಪಿಸ್ಟನ್ ಬದಲಿಸಿ ಕಂಪ್ರೆಶನ್ ಏರಿಸಿದರೆ ಹೊರಗೆ ಅದೇ ಹಳೇ ಟ್ರ್ಯಾಕ್ಟರ್, ಒಳಗೆ ಬೇರೆಯೇ ಎಂಜಿನ್. 'ಪಂಪ್ ಪೆಟ್ರೋಲ್ ಮಾತ್ರ' ಅನ್ನುವ ನಿಯಮದ ಹಿಂದಿನ ಜಾಣತನ ಇಲ್ಲಿ ಅರ್ಥವಾಗುತ್ತದೆ. ಸಾಮಾನ್ಯ ಪಂಪ್‌ನ 87 ಆಕ್ಟೇನ್ ಪೆಟ್ರೋಲ್ ಸುಡುವ ಎಂಜಿನ್‌ನ ಕಂಪ್ರೆಶನ್ ಮನಸ್ಸಿಗೆ ಬಂದಷ್ಟು ಏರಿಸಲು ಆಗುವುದಿಲ್ಲ. ನಾಕ್ ಆಗಿ ಪಿಸ್ಟನ್ ಹೋಗುತ್ತದೆ. ಎಂಜಿನ್ ಬಿಚ್ಚಿ ನೋಡದೆಯೇ ಅದನ್ನು ಹದ್ದಿನಲ್ಲಿಡುವ ಉಪಾಯ ಇದು.

ಈಗ ಪಂಪ್ ಮತ್ತೆ ಬದಲಾಗಿದೆ. ಅಮೆರಿಕದ ಸಾಮಾನ್ಯ ಪೆಟ್ರೋಲ್‌ನಲ್ಲಿ 10% ಎಥನಾಲ್ ಇದೆ. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಭಾಗಗಳನ್ನು ಹಾಳು ಮಾಡುತ್ತದೆ. 20% ಎಥನಾಲ್ ಬೆರೆಸಿದ ಇ20 ಬಂದ ಮೇಲೆ ನಮ್ಮ ಹಳೇ ಬೈಕಿನವರೂ ಇದೇ ಮಾತು ಆಡುತ್ತಿದ್ದಾರೆ. ಜೋಳ ಬೆಳೆಯುವ ರಾಜ್ಯಗಳಲ್ಲಿ ಬಹುಪಾಲು ಎಥನಾಲೇ ಇರುವ ಇ85 ಕೂಡ ಪಂಪ್‌ನಲ್ಲೇ ಸಿಗುತ್ತದೆ. ಅದರ ಆಕ್ಟೇನ್ ಜಾಸ್ತಿ, ಮೆಥನಾಲ್‌ನಂತೆ ತಂಪು ಕೊಡುವ ಗುಣವೂ ಇದೆ. 'ಪಂಪ್‌ನಲ್ಲಿ ಸಿಗುವುದು' ಎಂದಷ್ಟೇ ಬರೆದರೆ ಇ85 ಕೂಡ ಸರಿ ಎಂದಾಗುತ್ತದೆ. ಕೆಲವು ಕ್ಲಬ್‌ಗಳು ಅದನ್ನು ಹೆಸರಿಟ್ಟೇ ನಿಷೇಧಿಸಿವೆ. ಎಲ್ಲ ಕ್ಲಬ್‌ಗಳೂ ಇನ್ನೊಂದು ಹೆಜ್ಜೆ ಇಡಬೇಕು: ಎಲ್ಲಿ ಸಿಗುವ ಇಂಧನ ಎನ್ನುವ ಬದಲು ಎಷ್ಟು ಆಕ್ಟೇನ್, ಎಷ್ಟು ಎಥನಾಲ್ ಎಂದು ಬರೆದು, ಎಳೆಯುವ ಮುಂಚೆಯೇ ಟ್ಯಾಂಕಿನಿಂದ ಸ್ಯಾಂಪಲ್ ತೆಗೆಯಬೇಕು.