ಮಾಸ್ಟರ್ ಪ್ಲಾನ್‌ನಲ್ಲಿ ಬಣ್ಣದಷ್ಟೇ ರಸ್ತೆಯೂ ಮುಖ್ಯ: ಸೆಕ್ಷನ್ 12 ಓದುವಾಗ

ಮಾಸ್ಟರ್ ಪ್ಲಾನ್, ಅಂದರೆ ಊರು ಹೇಗೆ ಬೆಳೆಯಬೇಕು ಎಂದು ತೋರಿಸುವ ಯೋಜನೆ, ಅಂದ ಕೂಡಲೇ ನಮಗೆ ನೆನಪಾಗುವುದು ನಕ್ಷೆಯ ಬಣ್ಣಗಳು. ಹಳದಿ ವಸತಿ, ನೀಲಿ ವಾಣಿಜ್ಯ, ಹಸಿರು ಪಾರ್ಕ್. ನಗರ ಯೋಜನೆಯ ಪರೀಕ್ಷೆಗೂ ಅಷ್ಟನ್ನೇ ಓದಿಕೊಂಡು ಹೋಗುವವರು ಜಾಸ್ತಿ. ಆದರೆ ಆ ಬಣ್ಣಗಳ ನಡುವೆ ಹಾಯುವ ರಸ್ತೆಯ ಗೆರೆಗಳನ್ನೂ ಕಾನೂನೇ ಕೇಳಿದೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಸೆಕ್ಷನ್ 12 ತೆಗೆಯಿರಿ. ಪ್ಲಾನ್‌ನಲ್ಲಿ ಏನೇನಿರಬೇಕು ಎಂಬ ಪಟ್ಟಿ ಅಲ್ಲಿದೆ. ಮೊದಲ ಅಂಶ ಭೂಬಳಕೆಯ ವಲಯಗಳು. ಎರಡನೆಯದೇ ರಸ್ತೆ: ದೊಡ್ಡ ರಸ್ತೆ, ಚಿಕ್ಕ ರಸ್ತೆ, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿ, ಜೊತೆಗೆ ಸಂಚಾರ ಹೇಗೆ ಸಾಗಬೇಕು ಎಂಬ ವಿನ್ಯಾಸ. ಅದೂ ಇವತ್ತಿನ ಅಗತ್ಯಕ್ಕೆ ಮಾತ್ರ ಅಲ್ಲ, ಮುಂದಿನ ಅಗತ್ಯಕ್ಕೂ. ಈ ‘ಮುಂದಿನ’ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಹಳದಿ ಬಳಿದ ಜಾಗದಲ್ಲಿ ನಾಳೆ ಎಷ್ಟು ಮನೆ ಬರುತ್ತವೆ ಎಂದು ಲೆಕ್ಕ ಹಾಕದೆ ರಸ್ತೆ ಎಳೆಯಲು ಆಗುವುದಿಲ್ಲ, ಅಲ್ವಾ?

ಭೂಬಳಕೆ, ರಸ್ತೆ ಎರಡೂ ಕೂಡುವ ಜಾಗ ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಅಂಕಿ. 30×40 ಅಡಿ ಸೈಟು ಅಂದರೆ 1200 ಚದರಡಿ. ಎಫ್‌ಎಆರ್ 1.75 ಇದ್ದರೆ ಎಲ್ಲ ಮಹಡಿ ಸೇರಿ 2100 ಚದರಡಿ ಕಟ್ಟಬಹುದು. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್‌ನಲ್ಲಿ ಈ ಅಂಕಿ ಸೈಟಿನ ಅಳತೆಯ ಜೊತೆಗೆ ಎದುರಿನ ರಸ್ತೆಯ ಅಗಲವನ್ನೂ ನೋಡುತ್ತದೆ. ರಸ್ತೆ ಅಗಲವಾದಷ್ಟೂ ಜಾಸ್ತಿ ಕಟ್ಟಬಹುದು. ಲೆಕ್ಕ ಸರಿಯಾಗಿದೆ, ಆದರೆ ಅರ್ಧ. ಮನೆ ಮುಂದೆ 40 ಅಡಿ ರಸ್ತೆ ಇರಬಹುದು. ಅದು ಹೋಗಿ ಸೇರುವ ಸರ್ಕಲ್ಲು ಅಷ್ಟು ಗಾಡಿ ತಾಳುತ್ತದೆಯೇ ಎಂದು ಈ ಅಂಕಿ ಕೇಳುವುದಿಲ್ಲ.

ಇನ್ನೊಂದು ಮಾತು. ನಕ್ಷೆಯಲ್ಲಿ ರಸ್ತೆ ಬಂದರೆ ನೆಲದ ಮೇಲೂ ಬಂತು ಅಂತಲ್ಲ. ಒಮ್ಮೆ ನಕ್ಷೆ ಹಿಡಿದು ಊರಾಚೆಯ ಒಂದು ಪ್ರಸ್ತಾವಿತ ರಸ್ತೆ ಹುಡುಕಿಕೊಂಡು ಹೋಗಿದ್ದೆ. ಅಲ್ಲಿ ಸಿಕ್ಕಿದ್ದು ತೆಂಗಿನ ತೋಟ, ಅದರ ಬೇಲಿಗೆ ಅಂಟಿಕೊಂಡು ಹೊಸ ಮನೆಯೊಂದರ ತಳಪಾಯ. ಸೆಕ್ಷನ್ 69 ಅರ್ಥವಾಗಿದ್ದು ಆವತ್ತು. ರಸ್ತೆಗೆಂದು ಗುರುತಿಸಿದ ಜಮೀನನ್ನು 5 ವರ್ಷದೊಳಗೆ ಒಪ್ಪಂದದಿಂದ ಪಡೆಯಬೇಕು, ಇಲ್ಲವೇ ಸ್ವಾಧೀನ ಪ್ರಕ್ರಿಯೆ ಶುರು ಮಾಡಬೇಕು. ಎರಡೂ ಆಗದಿದ್ದರೆ ಆ ಗುರುತೇ ರದ್ದಾದಂತೆ.

ಹೋಲಿಕೆಗೆ ಅಮೆರಿಕದ ವಾಷಿಂಗ್ಟನ್ ರಾಜ್ಯ ನೋಡಿ. ಅಲ್ಲಿ 1990ರ ಬೆಳವಣಿಗೆ ನಿರ್ವಹಣೆ ಕಾಯ್ದೆಯಡಿ ಯೋಜನೆ ಮಾಡುವ ಊರುಗಳು ತಮ್ಮ ಮುಖ್ಯ ರಸ್ತೆಗಳಿಗೆ ಸೇವಾ ಮಟ್ಟವನ್ನು, ಅಂದರೆ ಸಂಚಾರ ಎಷ್ಟು ಸರಾಗವಾಗಿ ಸಾಗಬೇಕು ಎಂಬ ಅಳತೆಯನ್ನು, ತಾವೇ ಗೊತ್ತು ಮಾಡುತ್ತವೆ. ಹೊಸ ಬಡಾವಣೆಯಿಂದ ಸಂಚಾರ ಆ ಮಟ್ಟಕ್ಕಿಂತ ಕೆಳಗಿಳಿಯುವುದಾದರೆ ಅನುಮತಿ ಕೊಡುವಂತಿಲ್ಲ. ಕೊಡಬೇಕಾದರೆ ಸುಧಾರಣೆ ಆಗಲೇ ಆಗಿರಬೇಕು, ಇಲ್ಲವೇ 6 ವರ್ಷದಲ್ಲಿ ಮುಗಿಸಲು ಹಣದ ಬದ್ಧತೆ ಇರಬೇಕು. ಇದಕ್ಕೆ ಕನ್‌ಕರೆನ್ಸಿ ಎನ್ನುತ್ತಾರೆ. ಮನೆ ಮತ್ತು ರಸ್ತೆ ಜೊತೆಜೊತೆಗೆ ಬರಬೇಕು ಅಂತ. ನಮ್ಮ ಸೆಕ್ಷನ್ 12 ರಸ್ತೆ ತೋರಿಸು ಎನ್ನುತ್ತದೆ, ರಸ್ತೆ ಬರುವವರೆಗೆ ಮನೆ ತಡೆ ಎನ್ನುವುದಿಲ್ಲ. ನನಗೆ ಇಡೀ ಪಾಠದಲ್ಲಿ ಅತಿ ಮುಖ್ಯ ಅನಿಸಿದ ವ್ಯತ್ಯಾಸ ಇದೇ.

ಪರಿಷ್ಕರಣೆಯ ಬಗ್ಗೆ ಕೇಳಿದರೆ ಸೆಕ್ಷನ್ 13ಡಿ ಬರೆಯಿರಿ: ಕನಿಷ್ಠ 10 ವರ್ಷಕ್ಕೊಮ್ಮೆ ಹೊಸ ಸಮೀಕ್ಷೆ. ಉದಾಹರಣೆಗೆ ಬೆಂಗಳೂರನ್ನೇ ಕೊಡಬಹುದು. 2015ರವರೆಗಿನ ಆ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ರವರೆಗಿನ ಪ್ಲಾನ್‌ನ ಕರಡು 2017ರಲ್ಲಿ ಹೊರಬಂತು, ಆಮೇಲೆ ವಾಪಸ್ ಹೋಯಿತು. ಹಾಗಾಗಿ 2015 ದಾಟಿದ ಮೇಲೂ ಊರು ಬೆಳೆದದ್ದು 2007ರಲ್ಲಿ ಎಳೆದ ಗೆರೆಗಳ ಮೇಲೆಯೇ.