ಮನೆತನದ ಇತಿಹಾಸ ಹುಡುಕಲು ಯಾವ ಗುಂಪು ಸೇರಬೇಕು?

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನ ಮನೆತನ, ಈಗ ಇರುವುದು ಹುಬ್ಬಳ್ಳಿಯಲ್ಲಿ. ಮುತ್ತಜ್ಜನಿಂದ ಹಿಂದಿನವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಅಡ್ಡಹೆಸರಿನವರದೇ ಒಂದು ಬಳಗವಿದೆ, ಸಮಾಜದ ಸಂಘವಿದೆ, ಊರಿನವರು ಕೂಡಿಕೊಂಡು ಹಳೆ ಕಾಗದ ನೋಡುವ ಗುಂಪೂ ಇದೆಯಂತೆ. ಯಾವುದನ್ನು ಸೇರಿದರೆ ಕೆಲಸವಾದೀತು? ಸೇರುವ ಮುಂಚೆ ಕೈಯಲ್ಲಿ ಏನಿರಬೇಕು?

ಉತ್ತರ: ಮೊದಲು ಊರಿನ ಗುಂಪು ಸೇರಿ. ಸಮಾಜದ ಸಂಘ ಆಮೇಲೆ. ಅಡ್ಡಹೆಸರಿನ ಬಳಗಕ್ಕೆ ಹೋಗದಿದ್ದರೂ ನಡೆಯುತ್ತದೆ.

ನಮ್ಮ ಭಾಗದ ಅಡ್ಡಹೆಸರು ರಕ್ತಸಂಬಂಧ ಹೇಳುವುದು ಕಡಿಮೆ. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಇವೆಲ್ಲ ಹುದ್ದೆಗಳು. ಒಂದೊಂದು ಊರಿಗೆ ಒಬ್ಬೊಬ್ಬ ಪಾಟೀಲ ಇದ್ದ, ಜಾತಿಯೂ ಬೇರೆ ಬೇರೆ. ಬಡಿಗೇರ, ಹೂಗಾರ, ಅಂಗಡಿ ಎಂಬವು ಕಸುಬಿನಿಂದ ಬಂದವು. ಅಣ್ಣಿಗೇರಿ, ಮುಂಡರಗಿ ಎಂದು ಕರೆಸಿಕೊಳ್ಳುವವರು ಆ ಊರು ಬಿಟ್ಟು ಬಂದವರು. ಅಣ್ಣಿಗೇರಿಯಲ್ಲೇ ಇದ್ದವನನ್ನು ಅಣ್ಣಿಗೇರಿ ಎಂದು ಯಾರು ಕರೆದಾರು? ಎಷ್ಟೋ ಮನೆಗಳಲ್ಲಿ ಅಡ್ಡಹೆಸರು ಗಟ್ಟಿಯಾದದ್ದೇ ಮಗನನ್ನು ಸಾಲಿಗೆ ಹಚ್ಚಿದ ದಿನ, ಮಾಸ್ತರು ಬರೆದುಕೊಂಡಂತೆ. ಹಾಗಾಗಿ ಒಡಹುಟ್ಟಿದವರಲ್ಲೇ ಒಬ್ಬ ಮೆಣಸಿನಕಾಯಿ, ಇನ್ನೊಬ್ಬ ಅಂಗಡಿ ಆಗಿರುವುದುಂಟು.

ಬೆಡಗು (ಗೋತ್ರದ ಹಾಗೆ, ಒಂದೇ ಮೂಲದವರೆಂದು ಎಣಿಸುವ ಕವಲು) ಮತ್ತು ಮನೆದೇವರು ಇದಕ್ಕಿಂತ ಗಟ್ಟಿ ಸುಳಿವು. ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಬೀಗತನ ಮಾಡುವುದಿಲ್ಲ. ಇವನ್ನು ಬಲ್ಲವರು ಸಮಾಜದ ಸಂಘದಲ್ಲಿ ಸಿಗುತ್ತಾರೆ. ಆದರೆ ಬೆಡಗು ಹತ್ತಾರು ಊರುಗಳಿಗೆ ಹರಡಿರುತ್ತದೆ. ಕಾಗದಪತ್ರ ಹಾಗಲ್ಲ: ಉತಾರ (ಹೊಲದ ಪಹಣಿ), ವರ್ದಿ (ಹೊಲದ ಹಕ್ಕು ಬದಲಾದಾಗ ಬರೆಯುವ ನಮೂದು), ಜನನ-ಮರಣದ ಪುಸ್ತಕ, ಸಾಲಿಯ ಜನರಲ್ ರಜಿಸ್ಟರ್ ಎಲ್ಲವೂ ಊರುವಾರು ಇರುವಂಥವು. ಒಂದೇ ಊರಿನ ಎಂಟು ಮಂದಿ ಕೂಡಿದರೆ ಒಬ್ಬ ತಿರುವುವ ಪುಸ್ತಕದಲ್ಲೇ ಎಂಟೂ ಮನೆಗಳ ಹೆಸರು ಸಿಗುತ್ತವೆ, ನಕಲಿನ ಅರ್ಜಿಯನ್ನೂ ಹಂಚಿಕೊಳ್ಳಬಹುದು. ಬೇರೆ ಬೇರೆ ಊರಿನ ಇನ್ನೂರು ಪಾಟೀಲರು ಕೂಡಿದರೆ ವರ್ಷಕ್ಕೊಮ್ಮೆ ಊಟ ಚೆನ್ನಾಗಿ ಆಗುತ್ತದೆ.

ಗುಂಪಿಗೆ ಬರಿಗೈಲಿ ಹೋಗಬೇಡಿ. ಒಂದು ದೊಡ್ಡ ಹಾಳೆಯಲ್ಲಿ ಗೊತ್ತಿರುವಷ್ಟು ಜನರನ್ನು ಬರೆದು ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಬಸಪ್ಪ ಕಲ್ಲಪ್ಪ, ಕಲ್ಲಪ್ಪ ಬಸಪ್ಪ ಎಂದು ನಾಲ್ಕು ತಲೆಮಾರು ಅದೇ ಎರಡು ಹೆಸರು ತಿರುಗುತ್ತಿರುತ್ತವೆ. ನಂಬರ್ ಇಲ್ಲದಿದ್ದರೆ ಅಜ್ಜನ ಹೊಲ ಮೊಮ್ಮಗನ ಹೆಸರಿಗೆ ಹೋಗುತ್ತದೆ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಒಬ್ಬಳೇ ಹೆಣ್ಣುಮಗಳು ವಂಶಾವಳಿಯಲ್ಲಿ ಎರಡು ಕಡೆ ಬರುತ್ತಾಳೆ. ಎರಡೂ ಕಡೆ ಅದೇ ನಂಬರ್ ಇರಲಿ.

ಈ ಹಾಳೆ ತುಂಬಿಸಲು ಗಂಡಸರಿಗಿಂತ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳುವುದು ಲೇಸು. ಯಾರ ತವರು ಯಾವ ಊರು, ಯಾರನ್ನು ಎಲ್ಲಿಗೆ ಕೊಟ್ಟರು, ಯಾರು ದತ್ತಕ ಹೋದರು ಎಂಬುದು ಅತ್ತಿ, ದೊಡ್ಡವ್ವ, ಚಿಗವ್ವಂದಿರಿಗೆ ಗೊತ್ತಿರುತ್ತದೆ. ಇಸವಿ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ‘ಆಗ ಪ್ಲೇಗ್ ಬಂದಿತ್ತಾ, ಇನ್‌ಫ್ಲೂಯೆಂಜಾದಾಗ ಇದ್ದರಾ, ಗಾಂಧೀಜಿ ಸತ್ತಾಗ ಎಷ್ಟು ದೊಡ್ಡವರಿದ್ರಿ’ ಎಂದು ಕೇಳಿ. ಧಾರವಾಡ ಸೀಮೆಯಲ್ಲಿ ಪ್ಲೇಗಿನ ಹಾವಳಿ ಶುರುವಾದದ್ದು 1890ರ ದಶಕದ ಕೊನೆಗೆ, ಇನ್‌ಫ್ಲೂಯೆಂಜಾ 1918ರಲ್ಲಿ. ಹಳಬರ ಬಾಯಲ್ಲಿ ಬರುವ ಧಾತು ಬರ ಎಂದರೆ 1876-77, ಡೋಗಿ ಬರ ಎಂದರೆ 1791-92. ದಾಖಲೆಯಲ್ಲಿ ಜನ್ಮದಿನ ಜೂನ್ 1 ಎಂದು ಕಂಡರೆ ಪೂರ್ತಿ ನಂಬಬೇಡಿ; ಸಾಲಿಗೆ ಸೇರಿಸುವಾಗ ಹಾಕಿಕೊಟ್ಟ ತಾರೀಖು ಇದ್ದೀತು.

ಟ್ರಂಕಿನಲ್ಲಿರುವ ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ, ಪಟ್ಟಿ (ಕಂದಾಯ) ಪಾವತಿ, ಲಗ್ನಪತ್ರಿಕೆ ಎಲ್ಲ ಹೊರಗೆ ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ಬದಿಯ ಫೋಟೋ ಹೊಡೆಯಿರಿ. ಸ್ಟಾಂಪ್ ಕಾಗದದ ಹಿಂದೆ ಅದನ್ನು ಯಾರು, ಯಾವತ್ತು ಕೊಂಡರೆಂಬ ಒಕ್ಕಣೆ ಇರುವುದುಂಟು, ಜನ ಅದನ್ನೇ ಬಿಟ್ಟುಬಿಡುತ್ತಾರೆ. ಹರಿದ ಕಾಗದಕ್ಕೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಮಸಿಯೂ ಕಿತ್ತುಬರುತ್ತದೆ.

ಈಗ ಗುಂಪಿನಲ್ಲಿ ಪ್ರಶ್ನೆ ಇಡಿ. ‘ನಮ್ಮ ಮನೆತನದ ಬಗ್ಗೆ ಯಾರಿಗಾದರೂ ಗೊತ್ತೇ’ ಎಂದರೆ ಯಾರೂ ಉತ್ತರ ಕೊಡಲಾರರು. ಒಬ್ಬ ವ್ಯಕ್ತಿ, ಅವನ ತಂದೆ, ಊರು, ಹತ್ತು ವರ್ಷದ ಅವಧಿ, ಈಗಾಗಲೇ ನೋಡಿದ ಕಾಗದ ಇಷ್ಟನ್ನು ಹೇಳಿ ಒಂದೇ ವಿಷಯ ಕೇಳಿ: ‘ಫಕೀರಪ್ಪ ತಂದೆ ನಿಂಗಪ್ಪ, 1930ರಿಂದ 40ರೊಳಗೆ ತೀರಿಕೊಂಡಿದ್ದಾರೆ, ಹೊಲದ ಸರ್ವೆ ನಂಬರ್ ಇದು, ಇವರ ವಾರಸಾ ವರ್ದಿ ಯಾರಾದರೂ ನೋಡಿದ್ದೀರಾ?’ ಎಂದು.

ಹೊಲ ಇದ್ದ ಮನೆಗೆ ವಾರಸಾ ವರ್ದಿಯಷ್ಟು ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಖಾತೆದಾರ ಸತ್ತಾಗ ಅವನ ವಾರಸುದಾರರು ಯಾರು, ಏನು ಸಂಬಂಧ ಎಂದು ಬರೆದುಕೊಂಡ ನಮೂದು ಅದು. ಇಂದಿನ ಪಹಣಿಯಿಂದ ಹಿಂದಕ್ಕೆ ಹೋಗಿ: ಗಣಕೀಕೃತ ಪಹಣಿ, ಅದರ ಹಿಂದಿನ ಕೈಬರಹದ ಉತಾರ, ಅದರಲ್ಲಿ ಹೆಸರು ಬದಲಾದಲ್ಲೆಲ್ಲ ವರ್ದಿ ನಂಬರ್ ಹಿಡಿದು ಆ ವರ್ದಿಯ ನಕಲು. ತಹಸೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಕೊಡುವ ಅರ್ಜಿಯಲ್ಲಿ ಊರು, ಸರ್ವೆ ನಂಬರ್, ಹಿಸ್ಸೆ ನಂಬರ್, ವರ್ಷದ ಅವಧಿ, ವರ್ದಿ ನಂಬರ್ ಸ್ಪಷ್ಟವಾಗಿರಬೇಕು. ‘ಎಲ್ಲ ಹಳೆ ದಾಖಲೆ’ ಎಂದು ಬರೆದರೆ ಅರ್ಜಿ ವಾಪಸ್ ಬರುತ್ತದೆ. ನಮ್ಮ ಭಾಗ ಆಗ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದೇ 1903ರಲ್ಲಿ, ಆದ್ದರಿಂದ ಅದಕ್ಕೂ ಹಿಂದಿನ ವರ್ದಿ ಹುಡುಕುತ್ತ ಕೂರಬೇಡಿ. ತಾಲ್ಲೂಕು ಒಡೆದದ್ದನ್ನೂ ನೆನಪಿಡಿ. ಗಜೇಂದ್ರಗಡ ಮೊದಲು ರೋಣದಲ್ಲಿತ್ತು, ಅಣ್ಣಿಗೇರಿ ನವಲಗುಂದದಲ್ಲಿ, ಲಕ್ಷ್ಮೇಶ್ವರ ಶಿರಹಟ್ಟಿಯಲ್ಲಿ, ರಟ್ಟೀಹಳ್ಳಿ ಹಿರೇಕೆರೂರಿನಲ್ಲಿ. 1997ರ ತನಕ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯವೇ.

ವರ್ದಿಯಲ್ಲೂ ಮೋಸ ಹೋಗುವ ಜಾಗಗಳಿವೆ. ಏಕತ್ರ ಕುಟುಂಬದ ಹೊಲಕ್ಕೆ ಹಿರಿಯಣ್ಣನ ಹೆಸರು ಮಾತ್ರ ಹಚ್ಚಿರುತ್ತಾರೆ, ಅವನೊಬ್ಬನೇ ಮಗ ಎಂದು ತಿಳಿಯಬಾರದು. ಹಳೆಯ ವರ್ದಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದು ಮಾಮೂಲು. ದತ್ತಕ ಬಂದವನಿಗೆ ದತ್ತಕ ತಂದೆಯ ಹೆಸರೇ ಇರುತ್ತದೆ, ಹುಟ್ಟಿದ ಮನೆ ಗೊತ್ತಾಗುವುದಿಲ್ಲ. ಇನ್ನು ನಾಡಕಚೇರಿಯಿಂದ ಸಿಗುವ ವಂಶವೃಕ್ಷ ಪ್ರಮಾಣಪತ್ರವನ್ನು ಇತಿಹಾಸದ ಪುರಾವೆ ಎಂದು ತರುವವರಿದ್ದಾರೆ. ಅದರ ಹಿಂದೆ ಇರುವುದು ನೀವೇ ಕೊಟ್ಟ ಅಫಿಡವಿಟ್ಟು.

ಹೊಲ ಇಲ್ಲದ ಮನೆಗಳಿಗೆ ದಾರಿ ಬೇರೆ. ತಳವಾರ, ವಾಲೀಕಾರ ಮೊದಲಾದ ಊರ ಚಾಕರಿಯ ಮನೆಗಳಿಗೆ ವತನದ (ಚಾಕರಿಗಾಗಿ ಬಿಟ್ಟುಕೊಟ್ಟ ಜಮೀನಿನ) ಕಾಗದ ನೋಡಬೇಕು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ವತನದ ಜಮೀನು ಮರಳಿ ಕೇಳಿದವರ ಕಡತದಲ್ಲಿ ವಂಶಾವಳಿ ಸಿಗುವ ಸಂಭವ ಹೆಚ್ಚು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರ ಸರ್ವಿಸ್ ಬುಕ್, ಸಹಕಾರಿ ಸಂಘದ ಷೇರುದಾರರ ಪಟ್ಟಿ, ಮುಸ್ಲಿಂ ಮನೆಗಳಿಗೆ ಜಮಾತಿನ ನಿಕಾಹ್ ಪುಸ್ತಕ, ಕ್ರೈಸ್ತರಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಕೆಲಸಕ್ಕೆ ಬರುತ್ತವೆ. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಸಹಕಾರಿ ಸಂಘಗಳೂ ಹಳೆಯವೇ, ಗದಗ ತಾಲ್ಲೂಕಿನ ಕಣಗಿನಹಾಳದ್ದು 1905ರದು.

ಗುಂಪು ನಿಜವಾಗಿ ಬೇಕಾಗುವುದು ಮೋಡಿ ಲಿಪಿ ಎದುರಾದಾಗ. ಹತ್ತೊಂಬತ್ತನೆಯ ಶತಮಾನದ ಕಾಗದಗಳಲ್ಲಿ ಎಷ್ಟೋ ಮರಾಠಿಯವು, ಬರವಣಿಗೆ ಮೋಡಿ. ದೇವನಾಗರಿ ಬಂದರೂ ಅದನ್ನು ಓದಲಾಗುವುದಿಲ್ಲ. ಓದಬಲ್ಲವರು ಕಡಿಮೆ, ಆದ್ದರಿಂದ ಇಡೀ ಕಟ್ಟು ಹೊತ್ತುಕೊಂಡು ಹೋಗದೆ ಊರಿನ ಹೆಸರಿರುವ ಒಂದೆರಡು ಹಾಳೆ ಆರಿಸಿ ಕೊಡಿ. ‘ಬಿನ್’ ಎಂದರೆ ಮಗ, ‘ಕೋಮ್’ ಎಂದರೆ ಹೆಂಡತಿ ಎಂಬಷ್ಟು ತಿಳಿದಿದ್ದರೆ ಓದಿಸಿಕೊಳ್ಳುವುದು ಸುಲಭ. ಕಾಲವೂ ಇಸವಿಯಲ್ಲಿರುವುದಿಲ್ಲ, ಶಕೆ, ಫಸಲಿ, ಶುಹೂರ್ ಸನ್ ಎಂಬ ಹಳೆಯ ವರ್ಷದ ಲೆಕ್ಕಗಳಲ್ಲಿರುತ್ತದೆ. ಇಸವಿ ತಿಳಿಯಲು ಶಕೆಗೆ 78 ಕೂಡಿಸಿ, ಫಸಲಿಗೆ 590, ಶುಹೂರ್ ಸನ್ನಿಗೆ 599. ವರ್ಷದ ಆರಂಭ ಬೇರೆಯಾದ್ದರಿಂದ ತಿಂಗಳು ನೋಡಿ ಇನ್ನೊಂದು ವರ್ಷ ಸೇರಿಸಬೇಕಾದೀತು.

ಊರು ಆಗ ಯಾರ ಆಳಿಕೆಯಲ್ಲಿತ್ತು ಎಂಬುದನ್ನು ಊರಿನ ಗುಂಪೇ ಹೇಳಬಲ್ಲದು. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮೀರಜಿನದು, ಸವಣೂರಿಗೆ ಅದರದೇ ನವಾಬರು. ಸಂಸ್ಥಾನಗಳು ವಿಲೀನವಾದ 1948ರ ಮೊದಲಿನ ಆ ಊರುಗಳ ಕಾಗದ ಬ್ರಿಟಿಷ್ ಕಲೆಕ್ಟರ್ ಕಚೇರಿಯಲ್ಲಿ ಸಿಗಲಿಲ್ಲವೆಂದು ನಿರಾಶರಾಗಬೇಕಿಲ್ಲ, ಅವು ಅಲ್ಲಿ ಇರುವ ಮಾತೇ ಇಲ್ಲ.

ನಿಮ್ಮ ಊರಿಗೆ ಯಾವ ಹೆಳವರು ಬರುತ್ತಾರೆ ಎಂದೂ ಗುಂಪಿನಲ್ಲಿ ವಿಚಾರಿಸಿ. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು ಎಂದು ಇರುತ್ತದೆ, ಕೆಲವು ವರ್ಷಕ್ಕೊಮ್ಮೆ ಬಂದು ಹೊತ್ತಿಗೆ ತೆಗೆದು ಮನೆತನದ ಮೂಲ ಊರು, ಬೆಡಗು, ತಲೆಮಾರು ಓದಿ ಕಾಳು, ಹಣ, ಬಟ್ಟೆ ಪಡೆದು ಹೋಗುತ್ತಾರೆ. ಕೇಳಿ, ಅವರ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ. ಹೊತ್ತಿಗೆಯಲ್ಲಿ ಬರುವುದು ಹೆಚ್ಚಾಗಿ ಗಂಡು ಸಂತತಿ. ಇತ್ತೀಚಿನ ಮೂರ್ನಾಲ್ಕು ತಲೆಮಾರನ್ನು ವರ್ದಿಯ ಜೊತೆ ತಾಳೆ ನೋಡಿ, ಅಲ್ಲಿ ಸರಿಹೊಂದಿದರೆ ಹಿಂದಿನದಕ್ಕೂ ಒಂದಿಷ್ಟು ಬೆಲೆ ಕೊಡಬಹುದು.

ಗುಂಪುಗಳು ಹಾಳಾಗುವುದು ಸಾಮಾನ್ಯವಾಗಿ ನಕಲಿನಿಂದ. ಯಾರೋ ಒಬ್ಬರು ತಮ್ಮ ವಂಶವನ್ನು ಪ್ರಸಿದ್ಧ ದೇಸಗತಿಗೋ ಶರಣರಿಗೋ ಜೋಡಿಸುತ್ತಾರೆ, ಉಳಿದವರು ಅದನ್ನೇ ಇಳಿಸಿಕೊಳ್ಳುತ್ತಾರೆ. ಪ್ರತಿ ಹೆಸರಿನ ಮುಂದೆ ಯಾವ ಕಚೇರಿ, ಯಾವ ಪುಸ್ತಕ, ಪುಟ, ವರ್ಷ, ನೋಡಿದವರು ಯಾರು ಎಂದು ಬರೆಯುವ ಪದ್ಧತಿ ಇಲ್ಲದ ಗುಂಪಿನಿಂದ ಹಾಳೆ ತೆಗೆದುಕೊಳ್ಳಬೇಡಿ. ಕುಲಗ್ರಂಥ ಅಚ್ಚು ಹಾಕಿಸುತ್ತೇವೆಂದು ಮುಂಗಡ ಕೇಳಿದರೆ ಮೊದಲು ಹತ್ತು ಪುಟದ ಕರಡು ಕೇಳಿ.

ನೀವು ಕೊಡುವುದರಲ್ಲೂ ಅಳತೆ ಇರಲಿ. ಬದುಕಿರುವವರ ಜನ್ಮದಿನ, ಆಧಾರ್, ಫೋನ್ ನಂಬರ್, ಎರಡನೇ ಮದುವೆ, ದತ್ತಕದ ಸಂಗತಿ ಅವರನ್ನು ಕೇಳದೆ ಗುಂಪಿಗೆ ಹಾಕಬಾರದು. ಅವರ ಜಾಗದಲ್ಲಿ ‘ಇದ್ದಾರೆ’ ಎಂದು ಬರೆದು ನಂಬರ್ ಕೊಟ್ಟರೆ ಸಾಕು. ಮನೆಯಲ್ಲಿ ವಾಟ್ನಿ ದಾವೆ ನಡೆದಿದ್ದರೆ ನೀವು ಬರೆದ ವಂಶಾವಳಿಯನ್ನೇ ಎದುರಿನವರು ಕೋರ್ಟಿಗೆ ಹಾಜರು ಮಾಡಬಹುದು. ವಕೀಲರಿಗೆ ತೋರಿಸುವ ತನಕ ಅದು ನಿಮ್ಮ ಟ್ರಂಕಿನಲ್ಲೇ ಇರಲಿ.